ಹಿಮ್ಮೇಳದ ಹುಡುಗ

ಕಳೆದ ತಿಂಗಳು ನನ್ನ ಅಕ್ಕನ ಮೊಮ್ಮಗ ಬೆಂಗಳೂರಿನಿಂದ ಮದ್ದೂರಿಗೆ ಬಂದಿದ್ದ. ಕಾಲೇಜಿನ ಮೊದಲ ವರ್ಷದಲ್ಲಿರುವ ಹುಡುಗ. ಬೆನ್ನ ಮೇಲೆ ಗಿಟಾರು ಹೊತ್ತೇ ಬಸ್ಸಿಳಿದ. ಊಟವಾದ ಮೇಲೆ ಜಗುಲಿಯಲ್ಲಿ ಕುಳಿತು ತನ್ನ ಸಂಗತಿಯೊಂದನ್ನು ಹೇಳಿಕೊಂಡ. ರಾಕ್ ಸಂಗೀತದ ಅಭಿಮಾನಿಗಳೆಲ್ಲ ಒಂದೆಡೆ ಸೇರಿದ್ದರಂತೆ. ಅವರಪ್ಪ ಹುಟ್ಟುವ ಮೊದಲಿನಿಂದಲೂ ನುಡಿಸುತ್ತ ಬಂದ ಹಿರಿಯರು ಕೆಲವರು ವೇದಿಕೆಯ ಮೇಲಿದ್ದರಂತೆ. ಅವರು ಇವನನ್ನೂ ಕರೆದು ನಡುವೆ ನಿಲ್ಲಿಸಿಕೊಂಡು ನುಡಿಸಿದರಂತೆ.

"ಹೆದರಿಕೆಯಾಗಲಿಲ್ಲವೇನೋ?" ಎಂದೆ.

"ಆಯ್ತು ತಾತ. ಒಂದು ಕಡೆ ತಪ್ಪಿಬಿಟ್ಟೆ. ಡ್ರಮ್ ಬಾರಿಸ್ತಿದ್ದ ಅಜ್ಜ ನನ್ನ ಕಡೆ ನೋಡಿ ಸುಮ್ಮನೆ ತಲೆ ಆಡಿಸಿದ್ರು. ಅಷ್ಟಕ್ಕೇ ದಾರಿ ಸಿಕ್ಕಿಬಿಡ್ತು."

ರಾಕ್ ಸಂಗೀತದ ವಿಷಯದಲ್ಲಿ ನಾನು ಅನಕ್ಷರಸ್ಥ. ಆದರೆ ಆ ತಲೆಯಾಡಿಸುವಿಕೆಯ ಮಾತು ಕೇಳಿದಾಗ ನನಗೆ ಅಂದು ರಾತ್ರಿ ನಿದ್ರೆ ಬರಲಿಲ್ಲ. ಅಂತಹುದೊಂದನ್ನು ನಾನು 1988ರ ಜನವರಿಯಲ್ಲಿ ಕಣ್ಣಾರೆ ಕಂಡಿದ್ದೆ. ಅಲ್ಲಿ ಗಿಟಾರಿರಲಿಲ್ಲ, ತಂಬೂರಿಯಿತ್ತು. ವೇದಿಕೆಯಿರಲಿಲ್ಲ, ಕೊಯ್ಲಾದ ಹೊಲವಿತ್ತು. ಸಹೃದಯರಾದ ತಮ್ಮೊಡನೆ ಅದನ್ನು ಹಂಚಿಕೊಳ್ಳುವುದಕ್ಕೆ ಮೊದಲು, ನಮ್ಮ ಸೀಮೆಯ ನೀಲಗಾರರ ಇತಿಹಾಸವನ್ನು ಸ್ವಲ್ಪ ಹೇಳಬೇಕಾಗಿದೆ.

ಮಂಡ್ಯ, ಮೈಸೂರು, ಚಾಮರಾಜನಗರ ಜಿಲ್ಲೆಗಳಲ್ಲಿ ಮಂಟೇಸ್ವಾಮಿಯ ಹೆಸರು ಕೇಳದವರಿಲ್ಲ. ಒಕ್ಕಲು ಮಕ್ಕಳು ಅವರನ್ನು 'ಧರೆಗೆ ದೊಡ್ಡವರು' ಎಂದು ಕರೆಯುತ್ತಾರೆ. ಅವರ ಕಾಲ ಹದಿನೈದು, ಹದಿನಾರನೆಯ ಶತಮಾನದ ಆಸುಪಾಸು ಎಂಬುದು ವಿದ್ವಾಂಸರಲ್ಲಿ ಹೆಚ್ಚಿನವರ ಊಹೆ. ಜನಪದ ಕಾವ್ಯವಾದರೋ ಕಾಲದ ಲೆಕ್ಕವನ್ನು ಲಕ್ಷಿಸದೆ ಅವರನ್ನು ನೇರವಾಗಿ ಬಸವಣ್ಣನವರ ಕಲ್ಯಾಣಕ್ಕೆ ಕಳುಹಿಸುತ್ತದೆ. ಮೈಯೆಲ್ಲ ಹುಣ್ಣಾದ ಕುಷ್ಠರೋಗಿಯ ವೇಷದಲ್ಲಿ ಕಲ್ಯಾಣದ ಬಾಗಿಲಿಗೆ ಹೋಗಿ ಅಲ್ಲಿನ ಶರಣರನ್ನು ಪರೀಕ್ಷಿಸುವ ಗುರು ಆತ. ಶೀಲದ ಮಾತನಾಡುವವರಲ್ಲಿ ನಿಜವಾದ ಶೀಲವಿದೆಯೇ ಎಂಬುದು ಆ ಪರೀಕ್ಷೆ. ಅಲ್ಲಿಂದ ತೆಂಕಲ ನಾಡಿಗೆ ಬಂದ ಆ ಪರಂಪರೆಯ ಮುಖ್ಯ ನೆಲೆಗಳು ಮೂರು: ಮಂಟೇಸ್ವಾಮಿಯ ಗದ್ದುಗೆಯಿರುವ ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ, ರಾಚಪ್ಪಾಜಿಯ ನೆಲೆಯಾದ ಕೃಷ್ಣರಾಜನಗರ ಸೀಮೆಯ ಕಪ್ಪಡಿ ಮತ್ತು ಸಿದ್ಧಪ್ಪಾಜಿಯ ನೆಲೆಯಾದ ಕೊಳ್ಳೇಗಾಲ ಸೀಮೆಯ ಚಿಕ್ಕಲ್ಲೂರು.

ಈ ಸಿದ್ಧಪ್ಪಾಜಿ ನಮ್ಮ ಮದ್ದೂರಿನವರು ಎಂಬುದು ನಮಗೊಂದು ಹೆಮ್ಮೆ. ಮದ್ದೂರು ತಾಲ್ಲೂಕಿನ ನಿಡಘಟ್ಟ ಬೆಂಗಳೂರು–ಮೈಸೂರು ಹಳೆಯ ಹೆದ್ದಾರಿಯಲ್ಲಿ ಹೋದವರೆಲ್ಲ ಕಂಡಿರುವ ಊರು. ಕಾವ್ಯದ ಪ್ರಕಾರ ಅಲ್ಲಿನ ಪಾಂಚಾಳರ ಮನೆಯ ಹುಡುಗ ಕೆಂಪಾಚಾರಿ. ಮಂಟೇಸ್ವಾಮಿ ಆ ಮನೆಯ ಬಾಗಿಲಿಗೆ ಬಂದು ಹುಡುಗನನ್ನೇ ಶಿಷ್ಯನನ್ನಾಗಿ ಬೇಡುತ್ತಾರೆ. ಹೆತ್ತವರು ಕೊಡಲೊಲ್ಲರು. ಗುರು ಬಿಡಲೊಲ್ಲರು. ಕೊನೆಗೆ ಹುಡುಗ ಗುರುವಿನ ಪಾಲಾಗುತ್ತಾನೆ, ಕಠಿಣವಾದ ಸಾಧನೆ ಮುಗಿಸಿ ಸಿದ್ಧಪ್ಪಾಜಿಯಾಗುತ್ತಾನೆ. ಆಗ ಗುರುವಿನ ಆಜ್ಞೆಯಾಗುತ್ತದೆ: ಹಲಗೂರಿಗೆ ಹೋಗಿ ಪಾಂಚಾಳರಲ್ಲಿ ಕಬ್ಬಿಣದ ಭಿಕ್ಷೆ ಬೇಡಿ ತಾ. ಹಲಗೂರು ಇಂದಿಗೂ ಮಳವಳ್ಳಿ ತಾಲ್ಲೂಕಿನಲ್ಲಿರುವ ದೊಡ್ಡ ಊರು. ತನ್ನ ಕುಲದವರ ಕುಲುಮೆಯ ಮುಂದೆಯೇ ಜೋಳಿಗೆಯೊಡ್ಡಿ ನಿಲ್ಲುವ ಹುಡುಗನನ್ನು ಆ ಊರಿನವರು ಹೀಯಾಳಿಸಿ, ಒಂದರ ಮೇಲೊಂದು ಸತ್ವಪರೀಕ್ಷೆಗಳನ್ನು ಒಡ್ಡುವ ಭಾಗ ಇಡೀ ಕಾವ್ಯದಲ್ಲಿ ಜನ ಅತ್ಯಂತ ಕಾತರದಿಂದ ಕೇಳುವ ಭಾಗ. ಅಂದರೆ ಈ ಮಹಾಕಾವ್ಯದ ನಡುವೆ ಇರುವುದೇ ಮನೆ ಬಿಟ್ಟು ಹಿರಿಯನ ಹಿಂದೆ ಹೊರಟ ಒಬ್ಬ ಹುಡುಗನ ಕಥೆ. ಈ ಮಾತನ್ನು ತಾವು ನೆನಪಿನಲ್ಲಿಡಬೇಕು.

ಈ ಕಥೆಯನ್ನು ಹಾಡುವವರೇ ನೀಲಗಾರರು. ಹರಕೆಯಿಂದಲೋ ಮನೆತನದ ಒಕ್ಕಲಿನ ಕಾರಣದಿಂದಲೋ ಮನೆಯ ಒಬ್ಬ ಗಂಡುಮಗನನ್ನು ದೇವರ ಹೆಸರಿಗೆ ಬಿಡುವ ಪದ್ಧತಿ ನಡೆದುಬಂದಿದೆ. ದೀಕ್ಷೆ ಪಡೆದವನು ಜೋಳಿಗೆ ಹಿಡಿದು ಭಿಕ್ಷೆ ಬೇಡಬೇಕು, ಕಥೆ ಹಾಡಬೇಕು. ಹಲವು ಜಾತಿಗಳವರು ನೀಲಗಾರರಾಗಿದ್ದಾರೆ. ಹೆಚ್ಚಿನವರು ದಲಿತರು. ಮೇಳದಲ್ಲಿ ಸಾಮಾನ್ಯವಾಗಿ ಮೂರು ನಾಲ್ಕು ಜನ. ನಡುವೆ ಮುಖ್ಯ ಗಾಯಕ. ಅವನ ಹೆಗಲಿಗೆ ತಂಬೂರಿ, ಕೈಯಲ್ಲಿ ಗಗ್ಗರ. ಎರಡೂ ಪಕ್ಕದಲ್ಲಿ ದಮ್ಮಡಿ, ತಾಳ ಹಿಡಿದ ಹಿಮ್ಮೇಳದವರು. ಮುಖ್ಯ ಗಾಯಕ ಸ್ವಲ್ಪ ಹೊತ್ತು ಹಾಡುತ್ತಾನೆ, ಸ್ವಲ್ಪ ಹೊತ್ತು ಮಾತಿನಲ್ಲಿ ಕಥೆ ನಡೆಸುತ್ತಾನೆ. ಹಿಮ್ಮೇಳದವರು ಸೊಲ್ಲೆತ್ತಿಕೊಳ್ಳುತ್ತಾರೆ, ಹೂಂಗುಟ್ಟುತ್ತಾರೆ, ನಡುನಡುವೆ ಪ್ರಶ್ನೆ ಹಾಕುತ್ತಾರೆ. ಇಡೀ ಕಾವ್ಯ ಒಂದು ರಾತ್ರಿಗೆ ಮುಗಿಯುವುದಿಲ್ಲ. ಹಲವು ರಾತ್ರಿಗಳು ಬೇಕು. ಪುಸ್ತಕವಿಲ್ಲ, ಟಿಪ್ಪಣಿಯಿಲ್ಲ. ಹೊಸಬ ಕಲಿಯುವುದು ಒಂದೇ ಕ್ರಮದಿಂದ: ಹಿಮ್ಮೇಳದಲ್ಲಿ ಕೂರುವುದು.

ಈಗ ನನ್ನ ಕಥೆಗೆ ಬರುತ್ತೇನೆ. ಬಿ.ಇಡಿ. ಮುಗಿಸಿ ನಾಲ್ಕೈದು ವರ್ಷವಾಗಿತ್ತು. ಮಳವಳ್ಳಿ ತಾಲ್ಲೂಕಿನ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರಾಗಿದ್ದೆ. ಹತ್ತನೆಯ ತರಗತಿಯ ಹೊಣೆ ನನ್ನದು. ಎಸ್ಸೆಸ್ಸೆಲ್ಸಿ ಫಲಿತಾಂಶವೇ ಮೇಷ್ಟರ ಮಾನ ಎಂದು ತಿಳಿದಿದ್ದ ವಯಸ್ಸು. ಆ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಕೊನೆಯ ಬೆಂಚು, ಮಾತು ಕಡಿಮೆ. ಪಾಠ ಒಪ್ಪಿಸೆಂದರೆ ತಲೆ ತಗ್ಗಿಸುವವನು. ಬನದ ಹುಣ್ಣಿಮೆಯ ಹಿಂದಿನ ದಿನ ಬಂದು, "ಸಾ, ಐದು ದಿನ ರಜ ಬೇಕು, ಚಿಕ್ಕಲ್ಲೂರಿಗೆ ಹೋಯ್ತೀವಿ" ಎಂದ. ಪರೀಕ್ಷೆಗೆ ಮೂರು ತಿಂಗಳಿಲ್ಲ. ಕೊಡುವುದಿಲ್ಲ ಎಂದೆ. ಅಷ್ಟಕ್ಕೇ ನಿಲ್ಲಲಿಲ್ಲ. "ಜೋಳಿಗೆ ಹಿಡಿಯುವುದಕ್ಕೆ ಎಸ್ಸೆಸ್ಸೆಲ್ಸಿ ಏಕಯ್ಯಾ? ಈಗಲೇ ಹೋಗು" ಎಂದು ಇಡೀ ತರಗತಿಯ ಮುಂದೆ ಹೇಳಿದೆ. ಮಕ್ಕಳು ನಕ್ಕರು. ಅವನು ನಗಲಿಲ್ಲ, ಅಳಲೂ ಇಲ್ಲ. ಮರುದಿನ ಬರಲಿಲ್ಲ.

ಮೂರನೆಯ ದಿನ ನನ್ನ ಸಿಟ್ಟು ನೆತ್ತಿಗೇರಿತು. ಅವನನ್ನು ಕರೆದುಕೊಂಡೇ ಬರುತ್ತೇನೆಂದು, ಆ ಊರಿನಿಂದ ಜಾತ್ರೆಗೆ ಹೊರಟಿದ್ದ ಲಾರಿಯೊಂದನ್ನು ಹತ್ತಿದೆ.

ಸತ್ತೇಗಾಲದ ಬಳಿ ಕಾವೇರಿಯನ್ನು ದಾಟಿ ಕೊಳ್ಳೇಗಾಲದ ಕಡೆ ಹೋಗಬೇಕು. ಇತಿಹಾಸದ ಮೇಷ್ಟ್ರಿಗೆ ಆ ದಾರಿಯಲ್ಲಿ ಎಷ್ಟು ಹೇಳಿದರೂ ಸಾಲದು. ಪಕ್ಕದ ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ತು ಹುಟ್ಟಿ ಕೋಲಾರದ ಚಿನ್ನದ ಗಣಿಗೆ ಹರಿದಿತ್ತು. ಕೊಳ್ಳೇಗಾಲವಾದರೋ 1956ರ ನವೆಂಬರ್ 1ರವರೆಗೆ ಮದ್ರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ನಮ್ಮ ತಾತಂದಿರು ಎತ್ತಿನ ಗಾಡಿ ಕಟ್ಟಿಕೊಂಡು ಚಿಕ್ಕಲ್ಲೂರಿಗೆ ಹೋಗುವಾಗ ಒಂದು ಸಂಸ್ಥಾನದಿಂದ ಇನ್ನೊಂದು ಪ್ರಾಂತ್ಯಕ್ಕೆ ಹೋಗುತ್ತಿದ್ದರು. ಸಿದ್ಧಪ್ಪಾಜಿಯ ಒಕ್ಕಲಿಗೆ ಆ ಗಡಿ ಕಂಡೇ ಇರಲಿಲ್ಲ.

ಜಾತ್ರೆ ಐದು ದಿನ. ಹುಣ್ಣಿಮೆಯ ರಾತ್ರಿ ಚಂದ್ರಮಂಡಲೋತ್ಸವ. ಬೊಪ್ಪೇಗೌಡನಪುರದ ಮಠದ ಪೀಠಾಧಿಪತಿಗಳು ಬಂದು ಚಂದ್ರಮಂಡಲಕ್ಕೆ ಜ್ಯೋತಿ ಹಚ್ಚುತ್ತಾರೆ. ಉರಿ ಯಾವ ದಿಕ್ಕಿಗೆ ಚೆನ್ನಾಗಿ ಎದ್ದಿತೋ ಆ ದಿಕ್ಕಿನಲ್ಲಿ ಮಳೆ ಬೆಳೆ ಚೆನ್ನ ಎಂದು ರೈತರ ನಂಬಿಕೆ. ಮುಂದಿನ ದಿನಗಳಲ್ಲಿ ದೊಡ್ಡವರ ಸೇವೆ, ಮುಡಿಸೇವೆ ಮತ್ತು ನೀಲಗಾರರ ದೀಕ್ಷೆ, ಎಲ್ಲ ಜಾತಿಯವರೂ ಕೂತು ಉಣ್ಣುವ ಪಂಕ್ತಿಸೇವೆ, ಕೊನೆಗೆ ಮುತ್ತತ್ತಿರಾಯನ ಸೇವೆ. ನಾನು ತಲಪಿದ್ದು ದೀಕ್ಷೆಯ ದಿನದ ಸಂಜೆ. ಹೊಲಗಳ ತುಂಬ ಗಾಡಿ, ಬಿಡಾರ, ಒಲೆಯ ಹೊಗೆ. ಕತ್ತಲಾದಂತೆ ಅಲ್ಲೊಂದು ಇಲ್ಲೊಂದು ಮೇಳ ಕೂತಿತು. ಒಂದೊಂದು ಮೇಳದ ಸುತ್ತಲೂ ಅದರದೇ ಅಭಿಮಾನಿಗಳ ಗುಂಪು. ಯಾವ ಗಾಯಕ ಯಾವ ಭಾಗವನ್ನು ಹೇಗೆ ಹಾಡುತ್ತಾನೆಂದು ಬಲ್ಲ ಜನ. ಸರಿಹೋಗದಿದ್ದರೆ ಎದ್ದು ಪಕ್ಕದ ಮೇಳಕ್ಕೆ ಹೋಗಿಬಿಡುತ್ತಿದ್ದರು.

ಅಂತಹ ಒಂದು ಗುಂಪಿನ ನಡುವೆ ನನ್ನ ಹುಡುಗನಿದ್ದ. ಹಣೆಯಲ್ಲಿ ಕಪ್ಪು ಧೂಳ್ತ, ಕೊರಳಲ್ಲಿ ರುದ್ರಾಕ್ಷಿ, ಕೈಯಲ್ಲಿ ದಮ್ಮಡಿ. ಉಳಿದ ಮೂವರೂ ಅವನ ತಾತನ ವಯಸ್ಸಿನವರು. ನಡುವೆ ತಂಬೂರಿ ಹಿಡಿದಿದ್ದ ಮುದುಕರು ಅವನ ದೊಡ್ಡಪ್ಪನೆಂದು ಆಮೇಲೆ ತಿಳಿಯಿತು. ಗುಂಪಿನ ಹಿಂದೆ ನಿಂತೆ. ಮುಗಿದ ಕೂಡಲೇ ಕಿವಿ ಹಿಡಿದು ಎಳೆದೊಯ್ಯುವುದೆಂದು ನನ್ನ ಸಂಕಲ್ಪ. ಆದರೆ ಮುಗಿಯುವುದೆಂಬುದು ಅಲ್ಲಿರಲಿಲ್ಲ.

ನಡುರಾತ್ರಿ ಕಳೆದಿತ್ತು. ಕಥೆ ಹಲಗೂರಿಗೆ ಬಂದಿತ್ತು. ಮುದುಕರಿಗೆ ಕೆಮ್ಮು ಹತ್ತಿತು. ಹಿಮ್ಮೇಳದವರು ಸೊಲ್ಲನ್ನೇ ತಿರುಗಿಸಿ ತಿರುಗಿಸಿ ಹಾಡಿ ಹೊತ್ತು ಕಳೆದರು. ಕೆಮ್ಮು ನಿಲ್ಲಲಿಲ್ಲ. ಗುಂಪಿನ ಅಂಚಿನಲ್ಲಿ ಒಬ್ಬಿಬ್ಬರು ಎದ್ದರು. ಆಗ ಆ ಹಿರಿಯರು ಒಂದು ಮಾತನ್ನೂ ಆಡದೆ ತಮ್ಮ ಹೆಗಲಿನ ತಂಬೂರಿಯನ್ನು ತೆಗೆದು ಹುಡುಗನ ಹೆಗಲಿಗಿಟ್ಟರು. ಅವನ ದಮ್ಮಡಿಯನ್ನು ತಾವು ತೆಗೆದುಕೊಂಡರು.

ನನ್ನ ತರಗತಿಯಲ್ಲಿ ಪಾಠ ಒಪ್ಪಿಸಲಾರದ ಹುಡುಗ ಹಲಗೂರಿನ ಬೀದಿಯಲ್ಲಿ ಜೋಳಿಗೆ ಹಿಡಿದು ನಿಂತ. ಅವನ ದನಿ ಇನ್ನೂ ಒಡೆಯುವ ವಯಸ್ಸಿನ ದನಿ. ಮೇಲಕ್ಕೆ ಹೋದಾಗ ಸೀಳುತ್ತಿತ್ತು. ಆದರೂ ಎದ್ದವರು ಮತ್ತೆ ಕುಳಿತರು. ಅರ್ಧ ಗಂಟೆ ನಡೆಸಿರಬೇಕು. ಒಂದೆಡೆ ಎಳೆ ತಪ್ಪಿತು. ಬಾಯಿ ತೆರೆದಿದೆ, ಮಾತಿಲ್ಲ. ನನ್ನ ಎದೆ ಧಸಕ್ಕೆಂದಿತು, ಏಕೆಂದರೆ ಆ ಮುಖವನ್ನು ನಾನು ಬಲ್ಲೆ. ಪ್ರಶ್ನೆ ಕೇಳಿ ನಿಲ್ಲಿಸಿದಾಗಲೆಲ್ಲ ನೋಡಿದ್ದ ಮುಖ ಅದು. ಪಕ್ಕದಲ್ಲಿ ತಾಳ ಹಿಡಿದಿದ್ದ ಮುದುಕರು ತಾಳವನ್ನು ನಿಲ್ಲಿಸದೆ, ಇವನ ಕಡೆಗೆ ತಿರುಗದೆ, ಅರ್ಧ ಸಾಲನ್ನು ಪಿಸುದನಿಯಲ್ಲಿ ಬಿಟ್ಟುಕೊಟ್ಟರು. ದೊಡ್ಡಪ್ಪ ತಲೆಯಾಡಿಸಿದರು. ಹುಡುಗ ಆ ಅರ್ಧವನ್ನು ಹಿಡಿದು ಉಳಿದರ್ಧವನ್ನು ಪೂರೈಸಿದ. ಕಥೆ ಮುಂದೆ ಸಾಗಿತು. ಕೇಳುತ್ತಿದ್ದ ನೂರಾರು ಜನರಲ್ಲಿ ಯಾರೂ ನಗಲಿಲ್ಲ.

ನನ್ನ ಕೊಠಡಿಯಲ್ಲಿ ಪಕ್ಕದವನು ಪಿಸುಗುಟ್ಟಿದರೆ ಇಬ್ಬರಿಗೂ ಏಟು ಬೀಳುತ್ತಿತ್ತು. ಅದನ್ನು ನಕಲು ಎನ್ನುತ್ತಿದ್ದೆವು. ಇಲ್ಲಿ ಅದೇ ಪಿಸುಮಾತು ಪಾಠವಾಗಿತ್ತು.

ಬೆಳಗಿನ ಜಾವ ಮೇಳ ಎದ್ದಾಗ ಹುಡುಗ ನನ್ನನ್ನು ಕಂಡು ಬಿಳಿಚಿಕೊಂಡ. ದೊಡ್ಡಪ್ಪ ಮುಂದೆ ಬಂದು ಕೈ ಮುಗಿದರು. "ಮಗೀನ ಮ್ಯಾಲೆ ಕ್ವಾಪ ಮಾಡ್ಕಬೇಡಿ ಮೇಷ್ಟ್ರೇ. ನನ್ ಉಸುರು ಇರೂಗಂಟ ಇವನ್ಗೆ ದಾಟಿಸ್ಬೇಕು. ನೀವೂ ಇವನ್ಗೆ ಅಕ್ಸರ ದಾಟಿಸಿ. ಎರಡೂ ಇರ್ಲಿ" ಎಂದರು. ನನ್ನ ತಂದೆಯ ವಯಸ್ಸಿನವರು ನನಗೆ ಕೈ ಮುಗಿದುದನ್ನು ಇಂದಿಗೂ ಮರೆಯಲಾರೆ. ಮರುದಿನ ಪಂಕ್ತಿಸೇವೆಯಲ್ಲಿ ಅವರ ಜೊತೆಯಲ್ಲೇ ಕುಳಿತು ಉಂಡು, ಒಬ್ಬನೇ ಊರಿಗೆ ಮರಳಿದೆ.

ಶಿಕ್ಷಣಶಾಸ್ತ್ರವನ್ನು ಪರೀಕ್ಷೆಗೆಂದು ಓದಿದ್ದ ನನಗೆ ಈ ಕಲಿಕೆಯ ಬಗೆ ಎಷ್ಟೋ ವರ್ಷಗಳ ಮೇಲೆ ಪುಸ್ತಕದಲ್ಲಿ ಸಿಕ್ಕಿತು. ಮಿಲ್ಮನ್ ಪ್ಯಾರಿ ಎಂಬ ಅಮೆರಿಕದ ವಿದ್ವಾಂಸರು 1930ರ ದಶಕದಲ್ಲಿ ಯುಗೊಸ್ಲಾವಿಯದ ಹಳ್ಳಿಗಳಲ್ಲಿ ಕಥೆ ಹಾಡುವವರನ್ನು ಧ್ವನಿಮುದ್ರಿಸಿದರು. ಅವರ ಶಿಷ್ಯ ಆಲ್ಬರ್ಟ್ ಲಾರ್ಡ್ 1960ರಲ್ಲಿ ಆ ಕುರಿತು ಪ್ರಸಿದ್ಧವಾದ ಗ್ರಂಥ ಬರೆದರು. ಹುಡುಗ ಮೊದಲು ಸುಮ್ಮನೆ ಕೇಳುತ್ತಾನೆ, ಬಳಿಕ ತಪ್ಪುತ್ತ ಒಪ್ಪುತ್ತ ಹಾಡತೊಡಗುತ್ತಾನೆ, ಕೊನೆಗೆ ಬಲ್ಲ ಶ್ರೋತೃಗಳ ಮುಂದೆ ಒಂದು ಕಥೆಯನ್ನು ಪೂರ್ತಿ ನಡೆಸಿದಾಗ ಗಾಯಕನಾಗುತ್ತಾನೆ ಎಂಬುದು ಅವರು ಗುರುತಿಸಿದ ಮೂರು ಹಂತ. ಬಾಯಿಪಾಠದಿಂದಲ್ಲ, ಮತ್ತೆ ಮತ್ತೆ ಬರುವ ಸಿದ್ಧ ನುಡಿಗಟ್ಟುಗಳ ಬಲದಿಂದ ಅವನು ಕಾವ್ಯವನ್ನು ಆ ಹೊತ್ತಿನಲ್ಲೇ ಕಟ್ಟುತ್ತಾನೆ. ನಮ್ಮ ಹುಡುಗ ಅರ್ಧ ಸಾಲಿನಿಂದ ಇಡೀ ದಾರಿಯನ್ನು ಹಿಡಿದದ್ದು ಇದೇ ಕಾರಣದಿಂದ.

ಹಳ್ಳಿಯ ಹಾಡುಗಾರರಿಗೂ ರಾಕ್ ಸಂಗೀತಕ್ಕೂ ನಂಟಿಲ್ಲವೆಂದು ಯಾರೂ ತಿಳಿಯಬಾರದು. ಬಂಗಾಳದಲ್ಲಿ ನಮ್ಮ ನೀಲಗಾರರಂತೆಯೇ ಜೋಳಿಗೆ, ಏಕತಾರಿ ಹಿಡಿದು ಅಲೆಯುವ ಬಾವುಲರಿದ್ದಾರೆ. 1967ರಲ್ಲಿ ಹೊರಬಂದ ಬಾಬ್ ಡಿಲನ್ ಅವರ ಒಂದು ಧ್ವನಿಮುದ್ರಿಕೆಯ ಹೊದಿಕೆಯ ಮೇಲೆ ಪೂರ್ಣದಾಸ್ ಮತ್ತು ಲಕ್ಷ್ಮಣ್ ದಾಸ್ ಎಂಬ ಬಾವುಲ ಸೋದರರು ಡಿಲನ್ ಜೊತೆ ನಿಂತಿರುವುದನ್ನು ಕಾಣಬಹುದು. ನಮ್ಮಲ್ಲಿಯೂ ರಘು ದೀಕ್ಷಿತ್ ಶಿಶುನಾಳ ಶರೀಫರ ಪದಗಳನ್ನು ಗಿಟಾರಿನೊಂದಿಗೆ ಹಾಡಿ ಹೊಸ ಹುಡುಗರ ಬಾಯಿಗೆ ತಂದರು. ನೀಲಗಾರರಿಗೆ ಅಂತಹ ಲೋಕಪ್ರಸಿದ್ಧಿ ಬರಲಿಲ್ಲ. ಅವರ ಪಾಲಿಗೆ ಬಂದದ್ದು ಕ್ಯಾಸೆಟ್ಟು. ಮಳವಳ್ಳಿ ಮಹದೇವಸ್ವಾಮಿಯವರ ಕ್ಯಾಸೆಟ್ಟುಗಳಿಂದ ಸಿದ್ಧಪ್ಪಾಜಿಯ ಕಥೆ ಹೋಟೆಲು, ಲಾರಿ, ಪಂಪುಸೆಟ್ಟಿನ ಮನೆಗಳನ್ನೆಲ್ಲ ಮುಟ್ಟಿತು. ಅದು ದೊಡ್ಡ ಉಪಕಾರವೇ ಸರಿ. ಆದರೆ ಕ್ಯಾಸೆಟ್ಟಿನಲ್ಲಿ ಕೆಮ್ಮಿಲ್ಲ, ಎಳೆ ತಪ್ಪುವುದಿಲ್ಲ, ಆದುದರಿಂದ ಪಿಸುಮಾತಿಗೂ ಎಡೆಯಿಲ್ಲ.

ವಿದ್ವಾಂಸರೂ ಸುಮ್ಮನಿರಲಿಲ್ಲ. ನಮ್ಮ ಜಿಲ್ಲೆಯ ನಾಗಮಂಗಲ ತಾಲ್ಲೂಕಿನವರಾದ ಜೀ.ಶಂ. ಪರಮಶಿವಯ್ಯನವರು ಈ ಭಾಗದ ವೃತ್ತಿಗಾಯಕರ ಪರಂಪರೆಗಳನ್ನು ಅಧ್ಯಯನ ಮಾಡಿದರು. ಅದೇ ತಾಲ್ಲೂಕಿನ ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿದರು. ಹಿ.ಚಿ. ಬೋರಲಿಂಗಯ್ಯನವರ ಸಂಪಾದಕತ್ವದಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ 1997ರಲ್ಲಿ ಮಂಟೇಸ್ವಾಮಿ ಮಹಾಕಾವ್ಯವನ್ನು ಪ್ರಕಟಿಸಿತು. ಎಚ್.ಎಸ್. ಶಿವಪ್ರಕಾಶರು ಅದನ್ನು ನಾಟಕವಾಗಿಸಿದರು. ಹೀಗೆ ಕಾವ್ಯ ಉಳಿಯಿತು. ಹಿಮ್ಮೇಳ ಉಳಿಯಿತೇ?

ಹುಡುಗನ ಮುಂದಿನ ಕಥೆಯನ್ನು ಹೇಳಿ ಮುಗಿಸುತ್ತೇನೆ. ಜಾತ್ರೆ ಮುಗಿಸಿ ಶಾಲೆಗೆ ಬಂದ ದಿನ, ಹಿಂದೆ ಆಡಿದ ಮಾತು ತಪ್ಪಾಯಿತೆಂದು ಅದೇ ತರಗತಿಯ ಮುಂದೆ ಹೇಳಿದೆ. ಆ ವರ್ಷ ಅವನು ಇಂಗ್ಲಿಷಿನಲ್ಲಿ ಅನುತ್ತೀರ್ಣನಾದ. ಸಂಜೆಯ ಹೊತ್ತು ನನ್ನ ಕೊಠಡಿಗೆ ಕರೆಸಿಕೊಂಡು ಹೇಳಿಕೊಟ್ಟೆ. ಅಕ್ಟೋಬರಿನಲ್ಲಿ ತೇರ್ಗಡೆಯಾದ. ಮುಂದೆ ಸಾರಿಗೆ ಸಂಸ್ಥೆಯಲ್ಲಿ ನಿರ್ವಾಹಕನಾದ. ಬನದ ಹುಣ್ಣಿಮೆಗೆ ಮಾತ್ರ ತಪ್ಪದೆ ರಜ ಹಾಕುತ್ತಿದ್ದ.

ನಿವೃತ್ತಿಯ ನಂತರ ಒಮ್ಮೆ ಬೊಪ್ಪೇಗೌಡನಪುರಕ್ಕೆ ಹೋಗಿದ್ದಾಗ ಅವನನ್ನು ಕಂಡೆ. ಐವತ್ತು ದಾಟಿದೆ, ಕೂದಲು ಬೆಳ್ಳಗಾಗಿದೆ. ದೊಡ್ಡಪ್ಪನ ತಂಬೂರಿ ಅದೇ ಹೆಗಲಿನಲ್ಲಿತ್ತು. ಚೆನ್ನಾಗಿ ಹಾಡಿದ. ಪಕ್ಕದಲ್ಲಿ ಇಬ್ಬರು ಕೂತಿದ್ದರು, ಇಬ್ಬರೂ ಅವನಿಗಿಂತ ಹಿರಿಯರು.

"ನಿನ್ನ ಮಗ ಬರಲಿಲ್ಲವೇನಯ್ಯ?" ಎಂದು ಕೇಳಿದೆ.

"ಅವ್ನು ಎಂಜಿನಿಯರು ಸಾರ್, ಬೆಂಗಳೂರಲ್ಲವ್ನೆ. ಹರಕೆ ಕಟ್ಲಿಲ್ಲ ನಾನು. ಜೋಳಿಗೆ ಹಿಡ್ಕಂಡು ಹೋದಾಗ ಒಂದೊಂದ್ ಜಗುಲೀಲಿ ನಮ್ನ ಎಷ್ಟು ದೂರ ನಿಲ್ಲುಸ್ತಿದ್ರು ಅಂತ ನೀವು ಕಂಡಿಲ್ವ? ಅದು ನನ್ ಮಗನ್ಗೆ ಬ್ಯಾಡ ಅನ್ಸ್ತು." ಸ್ವಲ್ಪ ಹೊತ್ತು ಸುಮ್ಮನಿದ್ದು ನಕ್ಕು ಹೇಳಿದ: "ಈಗ್ಲೂ ಮೇಳ್ದಲ್ಲಿ ನಾನೇ ಚಿಕ್ಕವ್ನು ಸಾರ್."

ಅವನು ಮಾಡಿದ್ದು ತಪ್ಪೆಂದು ನಾನು ಹೇಳಲಾರೆ. ಜೋಳಿಗೆಯ ಜೊತೆಗೆ ಅಂಟಿಬಂದ ಅವಮಾನವನ್ನು ಹೊತ್ತವನು ಅವನು. ಅದನ್ನು ಒಂದು ದಿನ ತರಗತಿಯ ಮುಂದೆ ಆಡಿ ತೋರಿಸಿದವನು ನಾನೇ. ಅಕ್ಷರ ದಾಟಿಸಿರೆಂದು ಹಿರಿಯರು ನನ್ನನ್ನು ಬೇಡಿದ್ದರು, ದಾಟಿಸಿದೆ. ಆ ಅಕ್ಷರದ ಬಲದಿಂದಲೇ ಮುಂದಿನ ತಲೆಮಾರು ಹೊರಗೆ ನಡೆಯಿತು. ಹಾಡು ಉಳಿದು ಅವಮಾನ ಮಾತ್ರ ಹೋಗುವ ದಾರಿಯನ್ನು ಮೇಷ್ಟರುಗಳಾದ ನಾವು ಕಾಣಿಸಬೇಕಾಗಿತ್ತು. ಆ ಪಾಠ ನಮ್ಮ ಪಠ್ಯಕ್ರಮದಲ್ಲಿರಲಿಲ್ಲ.

ಮೊನ್ನೆ ಗಿಟಾರಿನ ಹುಡುಗ ಊರಿಗೆ ಹೊರಟಾಗ ಅವನಿಗೆ ಇದನ್ನೆಲ್ಲ ಹೇಳಿದೆ. ಬಹಳ ಹೊತ್ತು ಕೇಳಿದ. ಕೊನೆಗೆ, "ತಾತ, ಬರೋ ಬನದ ಹುಣ್ಣಿಮೆಗೆ ನನ್ನ ಕರ್ಕೊಂಡು ಹೋಗ್ತೀರಾ? ಆ ಮೇಳದ ಹಿಂದೆ ಸುಮ್ಮನೆ ಕೂತ್ಕೋತೀನಿ" ಎಂದ.

ಹೋಗೋಣ ಎಂದಿದ್ದೇನೆ. ಮೊದಲನೆಯ ಹಂತ ಕೇಳುವುದೇ ತಾನೆ.